ಜೀಪಿಗೆ ಹೊಸ ಡೀಸೆಲ್ ಟ್ಯಾಂಕ್: ಕೊನೆಯ ಹತ್ತು ಲೀಟರ್‌ನ ಲೆಕ್ಕ

ಜೀಪಿಗೆ ಬೇರೆ ಟ್ಯಾಂಕ್ ಮಾಡಿಸಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು, ಎಷ್ಟು ಲೀಟರ್ ಹಿಡಿಯುತ್ತೆ? 60 ಹಿಡಿಯುತ್ತೆ. ಆದರೆ ನಾನು ಇಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದು ಆ 60ಕ್ಕಾಗಿ ಅಲ್ಲ. ಅದರ ಕೊನೆಯ ಹತ್ತು ಲೀಟರ್‌ಗಾಗಿ. ಏರು ಹತ್ತುವಾಗ ಆ ಹತ್ತು ಲೀಟರ್ ಟ್ಯಾಂಕಿನ ಯಾವ ಮೂಲೆಗೆ ಹೋಗಿ ನಿಲ್ಲುತ್ತೆ, ಎಂಜಿನ್‌ಗೆ ಹೋಗುವ ಪೈಪಿಗೆ ಸಿಗುತ್ತಾ ಇಲ್ವಾ, ಇದನ್ನು ಯಾರೂ ಕೇಳಲ್ಲ. ಕೇಳಬೇಕಾದ್ದು ಅದನ್ನೇ.

ನನ್ನದು ಹಳೆಯ ಮಹೀಂದ್ರಾ ಡೀಸೆಲ್ ಜೀಪ್. ತೋಟ ಇರುವುದು ಕೊಡಗಿನ ಮಕ್ಕಂದೂರು ದಾಟಿ ಮುಕ್ಕೋಡ್ಲು ಕಡೆ. ಆ ಕಡೆ ಓಡಾಡಿದವರಿಗೆ ದಾರಿ ಹೇಗಿರುತ್ತೆ ಅಂತ ನಾನು ಹೇಳಬೇಕಿಲ್ಲ. ಮಳೆಗಾಲದಲ್ಲಿ ಗೊಬ್ಬರ ಸಾಗಿಸುವುದು, ಕಾಫಿ ಹಣ್ಣು ಕಣಕ್ಕೆ ತರುವುದು, ಕೊಲ್ಲಿ, ಅಂದರೆ ತೊರೆ ದಾಟುವುದು, ಎಲ್ಲಾ ಇದೇ ಗಾಡಿಯಲ್ಲಿ. ಆಗೊಮ್ಮೆ ಈಗೊಮ್ಮೆ ಗೆಳೆಯರ ಜೊತೆ ಕೆಸರಿನಲ್ಲಿ ಆಫ್‌ರೋಡ್‌ಗೂ ಹೋಗುತ್ತೇನೆ. ಈ ಹಳೆ ಮಾದರಿಯಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ, ಒಂದು ಗುಂಡಿಯಲ್ಲಿ ಕೂತಿರುತ್ತೆ. ಆ ಗುಂಡಿಗೆ ಕೆಸರು ನೀರು ಇಳಿದರೆ ಅಲ್ಲೇ ನಿಲ್ಲುತ್ತೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗದಲ್ಲಿ ತಗಡಿನ ತಳ ಎಷ್ಟು ದಿನ ತಡೆದೀತು? ತೂತು ಬಿದ್ದಾಗ ಸೋಪು ತಿಕ್ಕಿದ್ದಾಯಿತು, ಎಂ-ಸೀಲ್ ಹಚ್ಚಿದ್ದಾಯಿತು. ಕೊನೆಗೆ ಟ್ಯಾಂಕನ್ನು ಬಿಚ್ಚಿ ತಳವನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿದರೆ ಒಳಗೇ ಹೋಯಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಳೆ ಟ್ಯಾಂಕಿಗೆ ವೆಲ್ಡಿಂಗ್ ಹೊಡೆಸಲು ಹೋಗಬೇಡಿ. ಡೀಸೆಲ್ ತಾನೇ, ಪೆಟ್ರೋಲ್ ಥರ ಹತ್ತಿಕೊಳ್ಳಲ್ಲ ಅನ್ನುವವರು ಇದ್ದಾರೆ. ತಣ್ಣಗಿರುವಾಗ ನಿಜ. ಆದರೆ ಖಾಲಿ ಟ್ಯಾಂಕಿನ ಗೋಡೆಗೆ, ತುಕ್ಕಿನ ಪದರಕ್ಕೆ ಅಂಟಿದ ಡೀಸೆಲ್ ವೆಲ್ಡಿಂಗ್ ಬಿಸಿಗೆ ಹಬೆಯಾಗಿ ಒಳಗೇ ತುಂಬಿಕೊಂಡರೆ ಅದು ಬಾಂಬ್. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಹಳೆ ಡ್ರಮ್ ಕತ್ತರಿಸಲು ಹೋಗಿ ಜೀವ ಕಳೆದುಕೊಂಡವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತೆ.

ತೂತಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಟ್ಯಾಂಕ್ ಕಾಲು ಭಾಗಕ್ಕೆ ಇಳಿದ ಮೇಲೆ ಕಡಿದಾದ ಏರು ಹತ್ತಿದರೆ ಎಂಜಿನ್ ಉಸಿರು ಕಟ್ಟಿದ ಹಾಗಾಗಿ ನಿಂತುಬಿಡುತ್ತಿತ್ತು. ಡೀಸೆಲ್ ಎಲ್ಲಾ ಹಿಂದಕ್ಕೆ ಹೋಗಿ ಪೈಪ್ ಗಾಳಿ ಎಳೆಯುತ್ತಿತ್ತು. ಡೀಸೆಲ್ ಎಂಜಿನ್ ಒಮ್ಮೆ ಗಾಳಿ ಕುಡಿದರೆ ಮತ್ತೆ ಸುಮ್ನೆ ಸ್ಟಾರ್ಟ್ ಆಗಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈ ಪಂಪ್ ಒತ್ತಿ ಒತ್ತಿ, ನೊರೆ ಹೋಗಿ ಬರೀ ಡೀಸೆಲ್ ಬರುವವರೆಗೆ ಕಾಯಬೇಕು. ಅದೂ ಕಕ್ಕಡದ (ನಮ್ಮ ಆಟಿ ತಿಂಗಳ) ಜಡಿ ಮಳೆಯಲ್ಲಿ, ಅರ್ಧ ಏರಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾಲಿಗೆ ಜಿಗಣೆ ಹತ್ತಿಸಿಕೊಂಡು, ಹಿಂದೆ ಲೋಡ್ ಇಟ್ಟುಕೊಂಡು. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಕುಸಿದು ದಾರಿಗಳು ಕಡಿದುಹೋದಾಗ, ಗಾಡಿ ಓಡುತ್ತೆ ಅನ್ನುವ ನಂಬಿಕೆ ಎಷ್ಟು ದೊಡ್ಡದು ಅಂತ ಇಲ್ಲಿಯ ಎಲ್ಲರಿಗೂ ಗೊತ್ತಾಗಿದೆ. ಅದಾದ ಮೇಲೆ ಅರ್ಧ ಟ್ಯಾಂಕ್ ಇದ್ದರೂ ಭಯಪಡುವ ಗಾಡಿ ನನಗೆ ಬೇಡ ಅನ್ನಿಸಿತ್ತು.

ಹೊಸ ಟ್ಯಾಂಕ್ ಎಲ್ಲಿ ಕೂರಿಸುವುದು ಅನ್ನುವುದು ಮೊದಲ ಪ್ರಶ್ನೆ. ಕೆಳಗೆ ಚಾಸಿ ನಡುವೆ ಹಾಕಿದರೆ ಭಾರ ತಗ್ಗಿನಲ್ಲಿರುತ್ತೆ, ಗಾಡಿ ಪಲ್ಟಿ ಹೊಡೆಯುವ ಭಯ ಕಡಿಮೆ. ಆದರೆ ನಮ್ಮ ದಾರಿಯ ಕಲ್ಲು ಬಿಡಲ್ಲ. ಕೊನೆಗೆ ಮುಂದಿನ ಸೀಟುಗಳ ಬೆನ್ನ ಹಿಂದೆ, ಚಕ್ರದ ಎರಡು ಕಮಾನುಗಳ ನಡುವೆ, ಫ್ಲೋರ್ ಮೇಲೆ ಅಡ್ಡಲಾಗಿ ಇಡುವುದು ಅಂತ ತೀರ್ಮಾನಿಸಿದೆ. ಓಪನ್ ಗಾಡಿ, ಡೀಸೆಲ್ ಬೇರೆ, ಹಾಗಾಗಿ ಧೈರ್ಯ ಮಾಡಿದೆ. ಮುಚ್ಚಿದ ಬಾಡಿಯ ಗಾಡಿಯಾಗಿದ್ದರೆ ಸೀಟಿಗೂ ಟ್ಯಾಂಕಿಗೂ ನಡುವೆ ಉಕ್ಕಿನ ಗೋಡೆ ಇಲ್ಲದೆ ಇಡುತ್ತಿರಲಿಲ್ಲ.

ಟಿವಿ ಬಂದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಟ್ಯಾಂಕಿನ ಆಕಾರ ಮಾಡಿ ಅಲ್ಲಿಟ್ಟು ನೋಡಿದೆ. ಸೀಟು ಹಿಂದಕ್ಕೆ ಸರಿಯುತ್ತಾ, ಟೂಲ್ ಬಾಕ್ಸ್‌ಗೆ ಜಾಗ ಉಳಿಯುತ್ತಾ, ಮೇಲಿನ ಬಾಯಿಗೆ ಕೈ ಹೋಗುತ್ತಾ, ಎಲ್ಲಾ ರಟ್ಟಿನಲ್ಲೇ ಗೊತ್ತಾಗುತ್ತೆ. ಅಗಲ 75 ಸೆಂಟಿಮೀಟರ್, ಹಿಂದು-ಮುಂದು 36, ಎತ್ತರ 24. ಗುಣಿಸಿದರೆ 64,800 ಘನ ಸೆಂಟಿಮೀಟರ್, ಅಂದರೆ ಸುಮಾರು 65 ಲೀಟರ್. ಬಿಸಿಲಿಗೆ ಡೀಸೆಲ್ ಹಿಗ್ಗಲು ಮೇಲೆ ಒಂದಿಷ್ಟು ಜಾಗ ಬಿಡಬೇಕು, ಆದ್ದರಿಂದ 60 ಅಂತ ಲೆಕ್ಕ. 60 ಲೀಟರ್ ಡೀಸೆಲ್ ಅಂದರೆ 50 ಕೆಜಿ ತೂಕ. ಟ್ಯಾಂಕಿನದು ಬೇರೆ.

ಈಗ ಆ ಹತ್ತು ಲೀಟರ್‌ನ ವಿಷಯ. ಒಂದು ರಾತ್ರಿ ಪೇಪರಿನ ಮೇಲೆ ಗೆರೆ ಎಳೆದು ನೋಡಿದೆ. ಗಾಡಿ 25 ಡಿಗ್ರಿ ಏರಿನಲ್ಲಿ ನಿಂತಿದೆ ಅಂದುಕೊಳ್ಳಿ. ಡೀಸೆಲ್ ಹಿಂದಿನ ಗೋಡೆಗೆ ವಾಲಿ ತ್ರಿಕೋನವಾಗಿ ನಿಲ್ಲುತ್ತೆ. ಎಳೆಯುವ ಪೈಪ್ ಟ್ಯಾಂಕಿನ ಮುಂದಿನ ಅಂಚಿನಲ್ಲಿದ್ದರೆ, ಒಳಗೆ 23 ಲೀಟರ್ ಇದ್ದರೂ ಅದಕ್ಕೆ ಸಿಗುವುದು ಗಾಳಿ. ಅದೇ ಪೈಪನ್ನು ಸರಿಯಾಗಿ ನಡುವಿಗೆ ತಂದರೆ ಆ 23 ಲೀಟರ್ 6ಕ್ಕೆ ಇಳಿಯುತ್ತೆ. ಒಂದು ಪೈಪ್ ಜಾಗ ಬದಲಾಯಿಸಿದ್ದಕ್ಕೆ 17 ಲೀಟರ್ ಕೈಗೆ ಬಂತು! ನನಗೆ ಅವತ್ತು ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಆಮೇಲೆ ಪಕ್ಕಕ್ಕೆ ವಾಲಿದರೆ ಏನಾಗುತ್ತೆ ಅಂತ ನೋಡಿದೆ. ಟ್ಯಾಂಕ್ ಅಡ್ಡಕ್ಕೆ 75 ಇರುವುದರಿಂದ ಅದೇ 25 ಡಿಗ್ರಿ ಪಕ್ಕ ವಾಲಿದರೆ ನಡುವಿನ ಪೈಪಿಗೂ ಸುಮಾರು 12 ಲೀಟರ್ ಸಿಗಲ್ಲ. ಬೆಟ್ಟದ ಮೈಯಲ್ಲಿ ಕೊರೆದ ದಾರಿಗಳಲ್ಲಿ ಪಕ್ಕ ವಾಲುವುದು ಮಾಮೂಲು.

ಇದಕ್ಕೆ ಬ್ಯಾಫಲ್ ಹಾಕಿದರೆ ಸಾಕು ಅಂತ ಸುಮಾರು ಜನ ಹೇಳುತ್ತಾರೆ. ಬ್ಯಾಫಲ್ ಅಂದರೆ ಒಳಗೆ ನಿಲ್ಲಿಸುವ ತೂತಿನ ತಡೆಹಲಗೆ. ಅದು ಬೇಕೇ ಬೇಕು. 50 ಕೆಜಿ ಡೀಸೆಲ್ ಅಲೆಯಾಗಿ ಆ ಗೋಡೆಗೂ ಈ ಗೋಡೆಗೂ ಬಡಿಯುತ್ತಿದ್ದರೆ ವೆಲ್ಡಿಂಗ್ ಬಿರುಕು ಬಿಡುತ್ತೆ, ಗಾಡಿಯ ತೂಕವೂ ತಪ್ಪಿದ ಹೊತ್ತಿಗೆ ತಪ್ಪಿದ ಕಡೆಗೆ ಎಳೆಯುತ್ತೆ. ಆದರೆ ಬ್ಯಾಫಲ್ ಅಲೆಯನ್ನು ತಡೆಯುತ್ತೆ ಅಷ್ಟೇ. ಏರಿನಲ್ಲಿ ಗಾಡಿ ಅರ್ಧ ನಿಮಿಷ ನಿಧಾನಕ್ಕೆ ತೆವಳಿದರೆ ತೂತುಗಳಲ್ಲಿ ಹಾದು ಡೀಸೆಲ್ ತಗ್ಗಿಗೆ ಹೋಗಿಯೇ ಹೋಗುತ್ತೆ. ಅದಕ್ಕೆ ಬೇಕಾದ್ದು ಒಳಪೆಟ್ಟಿಗೆ. ನಡುವಿನ ಖಾನೆಯಲ್ಲಿ, ತಳಕ್ಕೆ ಕೂರಿಸಿದ, ಮೇಲೆ ತೆರೆದಿರುವ 20 ಸೆಂಟಿಮೀಟರ್ ಚೌಕದ, 12 ಎತ್ತರದ ಪೆಟ್ಟಿಗೆ. ಅದರ ನಾಲ್ಕೂ ಬದಿಗೆ ತಳದಲ್ಲಿ ಪುಟ್ಟ ಕಿಂಡಿ, ಕಿಂಡಿಗೆ ಒಳಮುಖವಾಗಿ ಮಾತ್ರ ತೆರೆಯುವ ಸಡಿಲ ತಗಡಿನ ಬಾಗಿಲು. ಡೀಸೆಲ್ ಒಳಗೆ ಬರಬಹುದು, ವಾಲಿದಾಗ ಆಚೆ ಹೋಗಲು ಹೊರಟರೆ ಬಾಗಿಲು ಮುಚ್ಚಿಕೊಳ್ಳುತ್ತೆ. ಎಳೆಯುವ ಪೈಪ್ ಈ ಪೆಟ್ಟಿಗೆಯ ನಡುವೆ.

ಇನ್ನೊಂದು ಉಪಾಯ ಇದಕ್ಕಿಂತ ಚೆನ್ನಾಗಿದೆ. ಡೀಸೆಲ್ ಎಂಜಿನ್‌ನಲ್ಲಿ ಇಂಜೆಕ್ಟರ್ ಮತ್ತು ಅದಕ್ಕೆ ಡೀಸೆಲ್ ಒತ್ತಿ ಕಳಿಸುವ ಮೈಕೋ ಪಂಪ್‌ನಿಂದ ಉಳಿದ ಡೀಸೆಲ್ ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತೆ ಅಲ್ವಾ? ಆ ರಿಟರ್ನ್ ಪೈಪನ್ನೂ ಇದೇ ಪೆಟ್ಟಿಗೆಯೊಳಗೆ ಬಿಟ್ಟೆ. ಹೋದದ್ದರಲ್ಲಿ ಒಂದು ಪಾಲು ಮತ್ತೆ ಅಲ್ಲಿಗೇ ಬಂದು ಬೀಳುತ್ತೆ, ಪೆಟ್ಟಿಗೆ ಬೇಗ ಬರಿದಾಗಲ್ಲ. ಒಂದೇ ಎಚ್ಚರಿಕೆ, ವಾಪಸ್ ಬರುವ ಡೀಸೆಲ್‌ನಲ್ಲಿ ಗಾಳಿಯ ಗುಳ್ಳೆ ಇರುತ್ತೆ. ಅದಕ್ಕೇ ಎರಡೂ ಪೈಪಿನ ಬಾಯಿ ಎದುರು ಬದುರು ಮೂಲೆಗೆ ಮುಖ ಮಾಡಿರಬೇಕು, ಪಕ್ಕಪಕ್ಕ ಇರಬಾರದು.

ಎಳೆಯುವ ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ತಳದಿಂದ 12 ಮಿಲಿಮೀಟರ್ ಮೇಲೆ ನಿಲ್ಲಿಸಿದೆವು. ಅದರ ಕೆಳಗೆ ಉಳಿಯುವ ಮೂರು ಲೀಟರ್ ಎಂಜಿನ್‌ಗಲ್ಲ, ನೀರು ಮತ್ತು ಕಸಕ್ಕೆ ಬಿಟ್ಟ ಜಾಗ. ನಮ್ಮ ಹವೆಯಲ್ಲಿ ರಾತ್ರಿ ತಣ್ಣಗಾದಾಗ ಖಾಲಿ ಭಾಗದ ಗೋಡೆಗೆ ನೀರು ಕಟ್ಟಿ ತಳಕ್ಕೆ ಇಳಿಯುತ್ತೆ, ನೀರು ಡೀಸೆಲ್‌ಗಿಂತ ಭಾರ. ಆ ನೀರಿನಲ್ಲೇ ಕಪ್ಪು ಲೋಳೆ ಬೆಳೆದು ಫಿಲ್ಟರ್ ಕಟ್ಟುತ್ತೆ. ಅದಕ್ಕೆ ತಳದ ಒಂದು ಮೂಲೆಯಲ್ಲಿ ಡ್ರೈನ್ ಪ್ಲಗ್. ಮಳೆಗಾಲದಲ್ಲಿ ಆಗಾಗ ಬೆಳಿಗ್ಗೆ, ಗಾಡಿ ಅಲುಗಾಡಿಸುವ ಮುಂಚೆ, ಪ್ಲಗ್ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ನೋಡಿದರೆ ನೀರು ಬೇರೆ ಪದರವಾಗಿ ಕಾಣುತ್ತೆ.

ಯಾವ ತಗಡು ಅನ್ನುವುದರಲ್ಲಿ ಒಂದಿಷ್ಟು ವಾದ ನಡೆಯಿತು. ಭಾವ ಜಿಐ ಶೀಟ್, ಅಂದರೆ ಸತು ಲೇಪಿಸಿದ ತಗಡು ಅಂದರು, ತುಕ್ಕು ಹಿಡಿಯಲ್ಲ, ಅಗ್ಗ. ಆದರೆ ಡೀಸೆಲ್‌ಗೆ ಜಿಐ ಆಗಲ್ಲ. ಅದರ ಮೇಲಿನ ಸತು ಡೀಸೆಲ್ ಜೊತೆ ಸೇರಿ ಬಿಡುವ ಅಂಟು ಫಿಲ್ಟರ್‌ನಲ್ಲಿ, ಇಂಜೆಕ್ಟರ್‌ನಲ್ಲಿ ಹೋಗಿ ಕೂರುತ್ತೆ. ವೆಲ್ಡಿಂಗ್ ಮಾಡುವವರಿಗೂ ಅದರ ಹೊಗೆ ವಿಷ. ತಾಮ್ರದ ಪೈಪೂ ಒಳಗೆ ಬೇಡ, ಡೀಸೆಲ್ ಬೇಗ ಕೆಡುತ್ತೆ. ಅಲ್ಯೂಮಿನಿಯಂ ಒಳ್ಳೆಯದು, 5052 ಅನ್ನುವ ನಮೂನೆಯ 3 ಮಿಲಿಮೀಟರ್ ಶೀಟಿನಲ್ಲಿ ಮಾಡಿದರೆ ಇಡೀ ಟ್ಯಾಂಕ್ 10 ಕೆಜಿ ಆಸುಪಾಸಿನಲ್ಲಿ ಮುಗಿಯುತ್ತೆ. ಆದರೆ ಅದನ್ನು ಬೆಸೆಯಲು ಎಸಿ ಕರೆಂಟ್ ಕೊಡುವ ಟಿಗ್ (ಆರ್ಗಾನ್ ವೆಲ್ಡಿಂಗ್) ಮೆಷಿನ್ ಬೇಕು, ಅದು ಬಲ್ಲ ಕೈ ಬೇಕು. ನನಗೆ ಅದು ಸಿಗುವುದು ಮೈಸೂರಿನಲ್ಲಿ. ನಾಳೆ ಬಿರುಕು ಬಿಟ್ಟರೆ 120 ಕಿಲೋಮೀಟರ್ ಹೊತ್ತುಕೊಂಡು ಹೋಗಬೇಕು. ಸ್ಟೀಲ್ ಗೇಟು, ರೇಲಿಂಗ್ ಮಾಡುವ ಅಂಗಡಿಗಳು ಈಗ ಕುಶಾಲನಗರ, ಗೋಣಿಕೊಪ್ಪ ಎಲ್ಲಾ ಕಡೆ ಇವೆ. ಅವರಲ್ಲಿರುವ ಆರ್ಗಾನ್ ವೆಲ್ಡಿಂಗ್ ಮೆಷಿನ್ ಸ್ಟೇನ್‌ಲೆಸ್‌ಗೆ ಸಾಕು. ರಿಪೇರಿ ಹತ್ತಿರದಲ್ಲಿ ಆಗಬೇಕು ಅನ್ನುವುದೇ ನನಗೆ ದೊಡ್ಡದಾಗಿ ಕಂಡಿತು. 304 ಸ್ಟೇನ್‌ಲೆಸ್, 1.6 ಮಿಲಿಮೀಟರ್, ಅಂದರೆ 16 ಗೇಜ್. ಬ್ಯಾಫಲ್ ಎಲ್ಲಾ ಸೇರಿ ಖಾಲಿ ಟ್ಯಾಂಕ್ 17 ಕೆಜಿ ಹತ್ತಿರ. ಭಾರ ಜಾಸ್ತಿಯೇ. ಒಪ್ಪಿಕೊಂಡೆ.

ಸ್ಟೇನ್‌ಲೆಸ್ ತಗೊಳ್ಳುವಾಗ 304 ಅಂತ ಹೇಳಿ ಕಡಿಮೆ ದರ್ಜೆಯ 202 ಕೊಡುವ ಸಾಧ್ಯತೆ ಇರುತ್ತೆ, ನೋಡಲು ಎರಡೂ ಒಂದೇ. ಮ್ಯಾಗ್ನೆಟ್ ಹಿಡಿದು ನೋಡುತ್ತೇನೆ ಅಂದರೆ ಪ್ರಯೋಜನವಿಲ್ಲ, ಎರಡಕ್ಕೂ ಹಿಡಿಯಲ್ಲ. ಒಂದು ಹನಿ ಟೆಸ್ಟಿಂಗ್ ದ್ರಾವಣ ಹಾಕಿ ಬ್ಯಾಟರಿ ಮುಟ್ಟಿಸುವ ಪರೀಕ್ಷೆ ಇದೆ, 202 ಆದರೆ ಹನಿ ಕೆಂಪಾಗುತ್ತೆ. ಮೈಸೂರಿನ ಅಂಗಡಿಯವರು ಕೇಳಿದ ಕೂಡಲೇ ಮಾಡಿ ತೋರಿಸಿದರು. ಅಲ್ಲೇ ಶೀಟ್ ಕತ್ತರಿಸಿ ಬೆಂಡ್ ಕೂಡ ಮಾಡಿಸಿಕೊಂಡು ಬಂದೆ. ತಳ, ಮುಂದಿನ ಗೋಡೆ, ಹಿಂದಿನ ಗೋಡೆ ಮೂರೂ ಒಂದೇ ಶೀಟು, ಎರಡು ಬೆಂಡ್. ಬೆಂಡ್ ಆದ ಕಡೆ ವೆಲ್ಡಿಂಗ್ ಇಲ್ಲ, ವೆಲ್ಡಿಂಗ್ ಇಲ್ಲದ ಕಡೆ ಸೋರುವ ಪ್ರಶ್ನೆಯೂ ಇಲ್ಲ. ದುಡ್ಡಿನಲ್ಲಿ ಅರ್ಧ ಈ ಶೀಟು ಮತ್ತು ಬೆಂಡಿಂಗ್‌ಗೇ ಹೋಯಿತು.

ಕುಶಾಲನಗರದ ಮೇಸ್ತ್ರಿ ಹಳೆ ಪರಿಚಯ. ನಕ್ಷೆ ನೋಡಿ, "ಅಣ್ಣಾ, ನೀರಿನ ಟ್ಯಾಂಕ್ ಬೇಕಾದಷ್ಟು ಮಾಡಿದ್ದೀನಿ, ಬೆಳಿಗ್ಗೆ ಕೊಟ್ಟರೆ ಸಾಯಂಕಾಲ ತಗೊಂಡು ಹೋಗಿ" ಅಂದರು. ನಾನು ಒಳಗಡೆಯೂ ಆರ್ಗಾನ್ ಗ್ಯಾಸ್ ಬಿಟ್ಟು ವೆಲ್ಡ್ ಮಾಡಬೇಕು ಮೇಸ್ತ್ರಿ ಅಂದೆ. ಅವರಿಗೆ ಹಿಡಿಸಲಿಲ್ಲ, ಗ್ಯಾಸ್ ದುಬಾರಿ, ರೇಲಿಂಗ್‌ಗೆ ಯಾರೂ ಹಾಗೆ ಮಾಡಲ್ಲ. ವಾದ ಬೇಡ ಅಂತ ಎರಡು ತುಂಡು ತಗಡು ಬೆಸೆದು ನೋಡೋಣ ಅಂದೆ. ಹೊರಗಿನಿಂದ ಬೆಳ್ಳಿ ಥರ ಹೊಳೆಯುವ ವೆಲ್ಡಿಂಗ್, ತಿರುಗಿಸಿದರೆ ಹಿಂದೆ ಸುಟ್ಟ ಬೆಲ್ಲದ ಹಾಗೆ ಕಪ್ಪು ಗಂಟು. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು. ಆ ಪುಡಿ ಡೀಸೆಲ್ ಜೊತೆ ಪಂಪಿಗೆ ಹೋದರೆ ಏನು ಗತಿ? ಹಿಂದಿನಿಂದ ಗ್ಯಾಸ್ ಬಿಟ್ಟು ಬೆಸೆದ ತುಂಡು ಎರಡೂ ಕಡೆ ಶುಭ್ರ. ಮೇಸ್ತ್ರಿ ಎರಡನ್ನೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಅವರು ಮಾಡಿದ ಕೆಲಸ ಇದೆಯಲ್ಲ, ಅದನ್ನು ನಾನು ಹಣ ಕೊಟ್ಟು ಮಾಡಿಸಿಕೊಂಡೆ ಅನ್ನಲು ಮನಸ್ಸು ಬರಲ್ಲ. ಪ್ರತಿ ಜೋಡಣೆಯನ್ನೂ ಅಸಿಟೋನ್‌ನಲ್ಲಿ ಒರೆಸಿ, 304ಕ್ಕೆ ಹೊಂದುವ 308ಎಲ್ ವೆಲ್ಡಿಂಗ್ ಕಡ್ಡಿಯಲ್ಲಿ, ಒಂದು ಕಡೆ ಒಂದಿಷ್ಟು, ಎದುರು ಕಡೆ ಒಂದಿಷ್ಟು, ತಗಡು ಬಿಸಿಗೆ ಸೊಟ್ಟಗಾಗದ ಹಾಗೆ ಕೂತು ಮಾಡಿದರು.

ಮೊದಲು ಎರಡು ಬ್ಯಾಫಲ್, 25 ಸೆಂಟಿಮೀಟರ್‌ಗೆ ಒಂದರಂತೆ. ತಳದ ಮೂಲೆಗಳನ್ನು ಕತ್ತರಿಸಿ ಡೀಸೆಲ್ ಹರಿಯಲು ದಾರಿ, ಮೇಲಿನ ಮೂಲೆಗಳಲ್ಲಿ ಗಾಳಿಗೆ ದಾರಿ. ಆಮೇಲೆ ಒಳಪೆಟ್ಟಿಗೆ, ಆಮೇಲೆ ಪಕ್ಕದ ಗೋಡೆಗಳು, ಕೊನೆಗೆ ಮುಚ್ಚಳ. ಮುಚ್ಚಳದಲ್ಲಿ ಪೆಟ್ಟಿಗೆಯ ನೇರಕ್ಕೆ ಕೈ ಹೋಗುವಷ್ಟು ದೊಡ್ಡ ಬಾಯಿ, ಅದಕ್ಕೆ ಡೀಸೆಲ್ ತಡೆಯುವ ನೈಟ್ರೈಲ್ ರಬ್ಬರಿನ ಗ್ಯಾಸ್ಕೆಟ್ ಹಾಕಿ ಬೋಲ್ಟ್ ಮಾಡುವ ತಟ್ಟೆ. ಎಳೆಯುವ ಪೈಪ್, ರಿಟರ್ನ್ ಪೈಪ್ ಎರಡೂ ಆ ತಟ್ಟೆಗೇ. ನಾಳೆ ಒಳಗೆ ತೊಳೆಯಬೇಕಾದರೆ ತಟ್ಟೆ ಬಿಚ್ಚಿದರೆ ಆಯಿತು. ಮುಚ್ಚಳ ಬೆಸೆಯುವಾಗ ಆರ್ಗಾನನ್ನು ಕೆಳಗಿನ ಡ್ರೈನ್ ತೂತಿನಿಂದ ಬಿಟ್ಟೆವು. ಅದು ಗಾಳಿಗಿಂತ ಭಾರ, ತಳದಿಂದ ತುಂಬುತ್ತಾ ಗಾಳಿಯನ್ನು ಮೇಲಿನ ತೂತಿನಿಂದ ದಬ್ಬುತ್ತೆ. ಆರ್ಗಾನ್ ಒಳಗೇ ತುಂಬಿಕೊಂಡರೆ ಉಸಿರು ಕಟ್ಟುತ್ತೆ, ಶೆಡ್ಡಿನ ಬಾಗಿಲು ಮಾತ್ರ ತೆರೆದೇ ಇರಬೇಕು.

ಸೋರುತ್ತಾ ನೋಡುವ ಪರೀಕ್ಷೆಯನ್ನು ಬಿಡಿಸಿ ಹೇಳಬೇಕು. ಇಲ್ಲೇ ಜಾಸ್ತಿ ಅನಾಹುತ ಆಗುವುದು. ಪಂಚರ್ ಅಂಗಡಿಯ ಕಂಪ್ರೆಸರ್ ಪೈಪ್ ಚುಚ್ಚಿ ಗಾಳಿ ತುಂಬುವವರಿದ್ದಾರೆ. ಲೆಕ್ಕ ನೋಡಿ. ನನ್ನ ಟ್ಯಾಂಕಿನ ಮುಚ್ಚಳ 2700 ಚದರ ಸೆಂಟಿಮೀಟರ್. ಒಂದು ಬಾರ್ ಒತ್ತಡ ಅಂದರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕೆಜಿ. ಒಳಗೆ 0.2 ಬಾರ್ ಒತ್ತಡ ಇದ್ದರೂ ಮುಚ್ಚಳದ ಮೇಲೆ 540 ಕೆಜಿ ತಳ್ಳು. ಕಂಪ್ರೆಸರ್‌ನ 7 ಬಾರ್ ಬಿಟ್ಟರೆ ಸುಮಾರು 19 ಟನ್! ಟ್ಯಾಂಕ್ ಉಬ್ಬುವುದಿರಲಿ, ಸಿಡಿದರೆ ಪಕ್ಕದಲ್ಲಿರುವವರು ಉಳಿಯಲ್ಲ. ನಾವು ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪ್ ತಂದು, ಒಂದು ತುದಿ ಟ್ಯಾಂಕಿಗೆ ಸಿಕ್ಕಿಸಿ, ಪೈಪನ್ನು ಕೆಳಗೆ ಬಾಗಿಸಿ ಮತ್ತೆ ಗೋಡೆಗೆ ಎತ್ತರಕ್ಕೆ ಕಟ್ಟಿ, ಪೈಪಿನೊಳಗೆ ನೀರು ತುಂಬಿದೆವು. ನೀರಿನ ಎರಡು ಮಟ್ಟಗಳ ನಡುವೆ 2 ಮೀಟರ್ ವ್ಯತ್ಯಾಸ ಬಂದರೆ ಅದೇ 0.2 ಬಾರ್. ಸೈಕಲ್ ಪಂಪಿನಲ್ಲಿ ನಿಧಾನಕ್ಕೆ ಹೊಡೆದರೆ ನೀರು ಏರುವುದು ಕಣ್ಣಿಗೇ ಕಾಣುತ್ತೆ. ಒತ್ತಡ ಮೀರಿದರೆ ನೀರು ಮೇಲಿಂದ ಚೆಲ್ಲಿ ಗಾಳಿ ಹೊರಗೆ ಹೋಗುತ್ತೆ, ಟ್ಯಾಂಕಿಗೆ ಏನೂ ಆಗಲ್ಲ. ಮೀಟರೂ ಅದೇ, ಸೇಫ್ಟಿ ವಾಲ್ವೂ ಅದೇ. ಸೋಪಿನ ನೀರು ಹಚ್ಚಿದಾಗ ಡ್ರೈನ್ ಪ್ಲಗ್ ಸುತ್ತ ಒಂದೇ ಒಂದು ಕಡೆ ಗುಳ್ಳೆ ಎದ್ದಿತು. ಮೇಸ್ತ್ರಿ ಅದನ್ನು ಸರಿ ಮಾಡಿದ ಮೇಲೆ ನೀರಿನ ಮಟ್ಟ ಊಟ ಮುಗಿಸಿ ಬಂದರೂ ಅಲ್ಲಾಡಲಿಲ್ಲ. ಅದಾದ ಮೇಲೂ ಹೊರಗಿನ ವೆಲ್ಡಿಂಗ್‌ಗೆಲ್ಲ ಸುಣ್ಣ ಬಳಿದು ಒಣಗಿಸಿ, ಒಳಗೆ ಸ್ವಲ್ಪ ಡೀಸೆಲ್ ಹಾಕಿ, ಬದಿ ಬದಲಿಸುತ್ತಾ ರಾತ್ರಿಯಿಡೀ ಇಟ್ಟೆವು. ಸೋಪಿನ ಗುಳ್ಳೆಯಲ್ಲಿ ಕಣ್ಣಿಗೆ ಬೀಳದ ಸಣ್ಣ ಬಿರುಕಿನಲ್ಲೂ ಡೀಸೆಲ್ ಜಿನುಗಿ ಸುಣ್ಣದ ಮೇಲೆ ಕಲೆ ಬೀಳುತ್ತೆ. ಕಲೆ ಬೀಳಲಿಲ್ಲ.

ಉಸಿರಾಟದ ಪೈಪ್ ಬಗ್ಗೆ ಯಾರೂ ಯೋಚಿಸಲ್ಲ, ಆದರೆ ಕೊಲ್ಲಿ ದಾಟುವವರಿಗೆ ಅದೇ ಮುಖ್ಯ. ಡೀಸೆಲ್ ಖರ್ಚಾದ ಹಾಗೆ ಟ್ಯಾಂಕಿಗೆ ಗಾಳಿ ಒಳಗೆ ಬರಲೇಬೇಕು. ಆ ಬಾಯಿ ತಗ್ಗಿನಲ್ಲಿದ್ದರೆ ಗಾಳಿ ಬದಲು ಕೆಸರು ನೀರು ಬರುತ್ತೆ. ನಾನು ಪೈಪನ್ನು ರೋಲ್ ಬಾರ್ ಮೇಲಿನವರೆಗೆ ಒಯ್ದು, ಬಾಗಿಸಿ ಮತ್ತೆ ಕೆಳಮುಖ ಮಾಡಿ, ತುದಿಗೆ ಜಾಲರಿ ಹಾಕಿದ್ದೇನೆ. ಟ್ಯಾಂಕ್ ಹತ್ತಿರ ಒಂದು ರೋಲ್‌ಓವರ್ ವಾಲ್ವ್, ಗಾಡಿ ಮಗುಚಿದರೆ ಒಳಗಿನ ಗುಂಡು ಬಾಯಿ ಮುಚ್ಚುತ್ತೆ. ಡೀಸೆಲ್ ಹಾಕುವಾಗ ಒಳಗಿನ ಗಾಳಿ ಹೋಗಲು ದಪ್ಪನೆಯ ಇನ್ನೊಂದು ಪೈಪ್ ಬೇರೆ ಇರಬೇಕು. ಇಲ್ಲದಿದ್ದರೆ ಬಂಕಿನಲ್ಲಿ ನಾಜಲ್ ಟಕ್ ಟಕ್ ಅಂತ ನಿಲ್ಲುತ್ತಲೇ ಇರುತ್ತೆ.

ಕೂರಿಸುವಾಗ ಟ್ಯಾಂಕನ್ನು ಬಾಡಿಗೆ ನೇರ ಬೋಲ್ಟ್ ಮಾಡಿಲ್ಲ. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಗುಂಡಿಯಲ್ಲಿ ಇರುವಾಗ ಜೀಪಿನ ಬಾಡಿ ತಿರುಚಿಕೊಳ್ಳುತ್ತೆ, ಬೋಲ್ಟ್ ಮಾಡಿದ್ದರೆ ಟ್ಯಾಂಕನ್ನೂ ತಿರುಚುತ್ತೆ. ಕೆಳಗೊಂದು ಚೌಕಟ್ಟು, ಅದಕ್ಕೆ ಮೂರೇ ಕಡೆ ಆಧಾರ, ಮೇಲೆ ಎರಡು ಪಟ್ಟಿ, ಎಲ್ಲಾ ಕಡೆ ನೈಟ್ರೈಲ್ ಶೀಟ್. ಹಳೆ ಟಯರ್ ಟ್ಯೂಬ್ ಕತ್ತರಿಸಿ ಹಾಕಬೇಡಿ, ಡೀಸೆಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತೆ. ರಬ್ಬರ್ ಮೇಲೆ ಕೂತ ಟ್ಯಾಂಕಿಗೆ ಚಾಸಿಯ ಜೊತೆ ಕರೆಂಟ್ ಸಂಪರ್ಕ ಇರಲ್ಲ, ಅದಕ್ಕೆ ಒಂದು ಅರ್ಥಿಂಗ್ ವೈರ್ ಕಡ್ಡಾಯ.

ಮೀಟರ್ ಕೆಟ್ಟರೂ ಚಿಂತೆಯಿಲ್ಲ. ಟ್ಯಾಂಕ್ ಚೌಕವಾಗಿರುವುದರಿಂದ ಒಂದು ಸೆಂಟಿಮೀಟರ್ ಎತ್ತರಕ್ಕೆ 2.7 ಲೀಟರ್. ಒಂದು ಸ್ಟೀಲ್ ಪಟ್ಟಿಗೆ ಗೆರೆ ಕೊರೆದು ಇಟ್ಟುಕೊಂಡಿದ್ದೇನೆ, ಸಮತಟ್ಟಿನಲ್ಲಿ ನಿಲ್ಲಿಸಿ ಅದ್ದಿದರೆ ಲೆಕ್ಕ ಸಿಗುತ್ತೆ.

ಹಾಕಿದ ಮೇಲೆ ಬೇಕಂತಲೇ ಹತ್ತು ಲೀಟರ್ ಮಾತ್ರ ಉಳಿಸಿಕೊಂಡು ತೋಟದ ಮೇಲಿನ ಬಾಣೆಯ (ಗುಡ್ಡದ ಜಾಗದ) ಏರು ಹತ್ತಿಸಿದೆ. ಹಳೆ ಟ್ಯಾಂಕಿನಲ್ಲಿ ಯಾವಾಗಲೂ ನಿಲ್ಲುತ್ತಿದ್ದ ತಿರುವಿನಲ್ಲೇ ಒಂದನೇ ಗೇರಿನಲ್ಲಿ ನಿಧಾನ ಮಾಡಿ, ನಿಲ್ಲಿಸಿ, ಐಡಲ್‌ನಲ್ಲಿ ಬಿಟ್ಟು ಕಾದೆ. ಎಂಜಿನ್ ಶಬ್ದ ಬದಲಾಗಲಿಲ್ಲ. ಪಕ್ಕ ವಾಲಿಸಿ ನಿಲ್ಲಿಸಿದೆ. ಆಗಲೂ ಇಲ್ಲ. ಜೊತೆಗಿದ್ದ ಮೇಸ್ತ್ರಿ ಇಳಿದು ಟ್ಯಾಂಕಿನ ವೆಲ್ಡಿಂಗ್ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

ಎರಡು ವಿಷಯ ಬಾಕಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆಯೇ ಇದೆ. ಕೆಲಸ ಶುರು ಮಾಡುವ ಮುಂಚೆ ನಕ್ಷೆ ಹಿಡಿದುಕೊಂಡು ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರ ಹತ್ತಿರ ಮಾತಾಡಿ, ಬರೆದು ಕೊಡಿ. ನಾನು ಅದನ್ನೇ ಮೊದಲು ಮಾಡಿದೆ.

ಇನ್ನೊಂದು, ಸೋಮವಾರಪೇಟೆಯ ಗೆಳೆಯರು ತಮ್ಮ ಮಾರುತಿ ಜಿಪ್ಸಿಗೂ ಇದೇ ಅಳತೆಯಲ್ಲಿ ಮಾಡಿಸುತ್ತೇನೆ ಅಂತ ಹೊರಟಿದ್ದಾರೆ. ಬೇಡ ಅಂದಿದ್ದೇನೆ. ಜಿಪ್ಸಿ ಪೆಟ್ರೋಲ್ ಗಾಡಿ. ಪೆಟ್ರೋಲ್ ಕೊಡಗಿನ ಡಿಸೆಂಬರ್ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಹಬೆ ಬಿಡುತ್ತೆ, ಅದನ್ನು ಸೀಟಿನ ಹಿಂದೆ ಇಡುವ ವಿಷಯವೇ ಬೇರೆ. ಇಂಜೆಕ್ಷನ್ ಎಂಜಿನ್‌ಗೆ ಪಂಪ್, ಒತ್ತಡ, ಹೋಸ್ ಎಲ್ಲಾ ಬೇರೆ. ಒಳಪೆಟ್ಟಿಗೆಯ ಉಪಾಯ ಮಾತ್ರ ಅಲ್ಲಿಗೂ ಆಗುತ್ತೆ. ಕಂಪನಿಯ ಟ್ಯಾಂಕ್ ಇರುವ ಜಾಗದಲ್ಲೇ, ಅದೇ ಹೊರ ಅಳತೆಯಲ್ಲಿ, ಒಳಗೆ ಪೆಟ್ಟಿಗೆ ಇಟ್ಟು ಮಾಡಿಸೋಣ ಅಂತ ಈಗ ರಟ್ಟು ಕತ್ತರಿಸುತ್ತಿದ್ದೇವೆ.